ನಿನ್ನೆಯ ಸಾರಿನ ಮೇಲಿನ ಎಣ್ಣೆ

ಬೂತಾಯಿ ಮೀನಿನ ಸಾರನ್ನು ಮಾಡಿದ ದಿನವೇ ಉಂಡು ಮುಗಿಸುವವರ ಬಗ್ಗೆ ನನಗೆ ಸಣ್ಣದೊಂದು ಕನಿಕರವಿದೆ. ಅವರು ಯಕ್ಷಗಾನದ ಪೂರ್ವರಂಗವನ್ನಷ್ಟೇ ನೋಡಿ, ಆಟ ಬಹಳ ಚೆನ್ನಾಗಿತ್ತೆಂದು ಹೊಗಳುತ್ತ ಮನೆಗೆ ಹೋದವರ ಜಾತಿ. ಸಂಜೆ ಮಣ್ಣಿನ ಬಿಸಲೆಯಲ್ಲಿ ಕುದಿದು, ಒಲೆಯ ಬೂದಿಯ ಕಾವಿನಲ್ಲಿ ಬೆಳಗಿನವರೆಗೂ ಸುಮ್ಮನೆ ಕುಳಿತು, ಗಂಜಿಯ ಹೊತ್ತಿಗೆ ಇನ್ನೊಮ್ಮೆ ಮೆಲ್ಲನೆ ಬಿಸಿಯಾದ ಸಾರಿನ ಮೇಲೆ ಎಣ್ಣೆಯ ಒಂದು ತೆಳುವಾದ ಪದರ ಬಂದು ನಿಲ್ಲುತ್ತದೆ. ಮೆಣಸಿನ ಕೆಂಪೂ ಅರಸಿನದ ಹಳದಿಯೂ ಕೂಡಿ ಹೊಳೆಯುವ ಆ ಪದರ ಒಗ್ಗರಣೆಯಿಂದ ಬಂದದ್ದಲ್ಲ, ಏಕೆಂದರೆ ನಮ್ಮಲ್ಲಿ ಬೂತಾಯಿಯ ಸಾರಿಗೆ ಒಗ್ಗರಣೆ ಹಾಕುವುದಿಲ್ಲ. ಅದು ಮೀನು ತಾನಾಗಿಯೇ ಬಿಟ್ಟುಕೊಟ್ಟ ಎಣ್ಣೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದರಲ್ಲಿ ಅರ್ಧದಷ್ಟು ಅರೆದ ತೆಂಗಿನಕಾಯಿಯದು ಎಂದು ನನ್ನ ಹೆಂಡತಿ ತಿದ್ದಿದ್ದಾಳೆ. ವಿಜ್ಞಾನಿಯನ್ನು ಮದುವೆಯಾದ ಕನ್ನಡ ಅಧ್ಯಾಪಕ ಇಂಥ ತಿದ್ದುಪಡಿಗಳಿಗೆ ಒಗ್ಗಿಕೊಳ್ಳಬೇಕಾಗುತ್ತದೆ.

ಕಾಪುವಿನ ದೀಪಸ್ತಂಭದಿಂದ ಕೂಗಳತೆಯಲ್ಲಿರುವ ನಮ್ಮ ಮನೆಯಲ್ಲಿ ಆ ಪದರಕ್ಕೆ ಒಂದು ಕಾನೂನಿತ್ತು. ಬೆಳಿಗ್ಗೆ ಅಮ್ಮ ತೆಂಗಿನ ಗೆರಟೆಯ ಸೌಟನ್ನು ಓರೆಯಾಗಿ ಹಿಡಿದು, ಕೆಳಗಿನ ಸಾರನ್ನು ಕಲಕದೆ ಮೇಲಿನ ಎಣ್ಣೆಯನ್ನಷ್ಟೇ ಎತ್ತಿಕೊಂಡು, ಅಪ್ಪನ ಗಂಜಿಯ ಬಟ್ಟಲಿನ ನಡುವೆ ಬಿಡುತ್ತಿದ್ದಳು. ಬಿಳಿಯ ಕುಚ್ಚಲಕ್ಕಿ ಗಂಜಿಯ ಮೇಲೆ ಅದು ಒಂದು ಸುತ್ತು ಹರಡಿ ನಿಲ್ಲುತ್ತಿತ್ತು. ನನಗೂ ತಮ್ಮನಿಗೂ ಬರುತ್ತಿದ್ದದ್ದು ಅದರ ಕೆಳಗಿನ ಸಾರು. ಕೇಳಿದರೆ ಅಮ್ಮ, "ಕಡಲಿಗೆ ಹೋಗುವವರಿಗೆ ಮೇಲಿನದ್ದು. ನೀವು ಶಾಲೆಗೆ ಹೋಗುವವರು, ನಿಮಗೆ ಅಡಿಯದ್ದು ಸಾಕು" ಎನ್ನುತ್ತಿದ್ದಳು. ಅಪ್ಪ ಅಲೆಯ ಎದುರು ದೋಣಿ ನೂಕುವವನು, ಬಲೆ ಎಳೆಯುವವನು. ಅವನ ತೋಳಿಗೆ ಬಲ ಬರಬೇಕಾದದ್ದು ಎಲ್ಲರಿಗೂ ಬೇಕಾದ ವಿಷಯವಾಗಿತ್ತು. ಆದ್ದರಿಂದ ಆ ಕಾನೂನಿನಲ್ಲಿ ನಮಗೆ ಅನ್ಯಾಯವೇನೂ ಕಂಡಿರಲಿಲ್ಲ, ಆಸೆ ಮಾತ್ರ ಇತ್ತು.

ಅಪ್ಪ ಹೃದಯದ ಕಾಯಿಲೆಯಿಂದ ಹೋದ. ಕೊನೆಯ ದಿನಗಳಲ್ಲಿ ವೈದ್ಯರು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಎಲ್ಲವನ್ನೂ ವಿವರಿಸಿದ್ದರು. ಅವನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಬೀಡಿಯ ಕಟ್ಟಿನ ಬಗ್ಗೆ, ಎಂದೂ ತೋರಿಸಿಕೊಳ್ಳದ ಸಕ್ಕರೆ ಕಾಯಿಲೆಯ ಬಗ್ಗೆ, ರಕ್ತದ ಒತ್ತಡದ ಬಗ್ಗೆ ಹೇಳಿ, ಕಡೆಗೆ ರಕ್ತನಾಳದ ಒಳಗೆ ಕೊಬ್ಬು ಕಟ್ಟಿದೆ, ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದರು. ಅಷ್ಟು ಮಾತುಗಳಲ್ಲಿ ಅಮ್ಮನ ಕಿವಿಗೆ ಇಳಿದದ್ದು ಕೊಬ್ಬು ಎಂಬ ಒಂದೇ ಮಾತು. ನಾನು ಅದನ್ನು ಆಗ ಗಮನಿಸಲಿಲ್ಲ. ದುಃಖದ ಮನೆಯಲ್ಲಿ ಯಾರು ಯಾವ ಮಾತನ್ನು ಎತ್ತಿ ಒಳಗಿಟ್ಟುಕೊಂಡರೆಂದು ಲೆಕ್ಕವಿಡುವವರು ಯಾರು?

ಅಪ್ಪನ ಕ್ರಿಯೆಗಳೆಲ್ಲ ಮುಗಿದ ಮೇಲೆ ಅಮ್ಮ ಬಿಸಲೆಯನ್ನು ತೊಳೆದು, ಒಣಗಿಸಿ, ಅಟ್ಟದ ಮೇಲೆ ಬೋರಲಾಗಿ ಮಗುಚಿಟ್ಟಳು. ಮೀನು ತಿನ್ನುವುದನ್ನೂ ಬಿಟ್ಟಳು. ವರ್ಷಗಟ್ಟಲೆ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು, ದೂರದಿಂದ ವಾಸನೆಯಲ್ಲೇ ಬಂಗುಡೆಯೋ ಬೂತಾಯಿಯೋ ಎಂದು ಹೇಳಬಲ್ಲವಳು, ತಮ್ಮನ ಸಂಸಾರ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮೀನು ಬೇಯಿಸಿಕೊಂಡು ಉಣ್ಣುತ್ತಿದ್ದರೆ ತಾನು ಮೂಲೆಯಲ್ಲಿ ಮಟ್ಟು ಗುಳ್ಳದ ಹುಳಿ ಕಲಸಿಕೊಂಡು ಕೂರತೊಡಗಿದಳು. ಮಟ್ಟು ಗುಳ್ಳ ಉತ್ತಮವಾದ ಬದನೆ, ದೇವರ ನೈವೇದ್ಯಕ್ಕೆ ಸಲ್ಲುವಂಥದ್ದು, ಅದರ ಮೇಲೆ ನನ್ನದೇನೂ ದೂರಿಲ್ಲ. ಆದರೆ ವರ್ಷವಿಡೀ ಅದನ್ನೇ ತಿಂದು ಅಮ್ಮ ಬಡಕಲಾದಳು, ರವಕೆಯ ತೋಳು ಸಡಿಲವಾಯಿತು. ಕೇಳಿದರೆ, "ನನಗೆ ರುಚಿಯಾಗುವುದಿಲ್ಲ ಮಾರಾಯ, ಅದಕ್ಕೆ ಯಾಕೆ ಇಷ್ಟು ಪಂಚಾಯ್ತಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇನ್ನು ನನ್ನ ಹೆಂಡತಿಯ ಪರಿಚಯ ಮಾಡಿಸಬೇಕು. ಪದ್ಮಾ ಕಾರ್ಕಳದ ಜೈನ ಮನೆತನದವಳು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ, ಗೆಡ್ಡೆ ಕಿತ್ತರೆ ಮಣ್ಣಿನಲ್ಲಿರುವ ಜೀವಕ್ಕೆ ನೋವಾದೀತೆಂದು ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು ಮೊಗವೀರರ ಮನೆಗೆ ಸೊಸೆಯಾಗಿ ಬಂದಾಗ ಎರಡೂ ಕಡೆ ಸಾಕಷ್ಟು ಉಸಿರು ಬಿಗಿಹಿಡಿದದ್ದುಂಟು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎಂದು ಲೋಕ ಹೇಳುತ್ತದೆ. ಇಲ್ಲಿ ಒಬ್ಬಳು ಮೀನು ಮಾರಿದವಳು, ಇನ್ನೊಬ್ಬಳು ಇರುವೆ ತುಳಿಯದವಳು. ಮೊದಮೊದಲು ಅಮ್ಮ ಹಳೆಯ ಕಾಲದ ಭಯಭಕ್ತಿಯಿಂದ ಸೊಸೆಯನ್ನೇ 'ನೀವು' ಎಂದು ಕರೆಯುತ್ತಿದ್ದಳು. ಪದ್ಮಾ ತುಳುವಿನ ರೂಢಿಯಂತೆ ಅತ್ತೆಯನ್ನು 'ಮಾಮಿ' ಎನ್ನುತ್ತ, ಪ್ರತಿ ಬಾರಿಯೂ, "ಮಾಮಿ, ನನಗೆ 'ನೀವು' ಹೇಳಿದರೆ ಎದ್ದು ನಿಂತು ನಿಂತು ಕಾಲು ನೋವಾಗ್ತದೆ" ಎಂದು ನಗಿಸಿ ನಗಿಸಿ ಆ ಬಹುವಚನವನ್ನು ಕಿತ್ತುಹಾಕಿದಳು. ಎಣ್ಣೆಯೂ ಸೀಗೆಯೂ ಕೂಡಿದರೆ ತಲೆ ಹಗುರವಾಗುತ್ತದೆಯಷ್ಟೇ, ಗಾದೆ ಮಾಡಿದವರಿಗೆ ಅದು ಹೊಳೆದಿರಲಿಕ್ಕಿಲ್ಲ.

ನಾವಿಬ್ಬರೂ ಮನೆ ಮಾಡಿಕೊಂಡಿರುವ ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಪದ್ಮಾ ಮಾಡುವ ಕೆಲಸವೆಂದರೆ ಪ್ರಾಣಿಜನ್ಯ ಆಹಾರಗಳಲ್ಲಿರುವ ಕೊಬ್ಬು ಮತ್ತು ಕೊಲೆಸ್ಟ್ರಾಲ್‌ಗಳ ಅಧ್ಯಯನ. ಹಾಲು, ತುಪ್ಪ, ಮೊಟ್ಟೆ, ಕೋಳಿ, ಆಡು, ಮೀನು. ತುಪ್ಪದ ಸಾಲಿನಿಂದ ಮುಂದಕ್ಕೆ ಅವಳು ಒಂದನ್ನೂ ನಾಲಿಗೆಗೆ ತಾಗಿಸಿದವಳಲ್ಲ. ಸಂಗೀತ ಕೇಳದವನು ವೀಣೆಯ ತಂತಿಯ ದಪ್ಪ ಅಳೆದ ಹಾಗೆ ಎಂದು ನಾನು ಛೇಡಿಸುತ್ತೇನೆ. ಅವಳ ತಂದೆ, ಎಂದರೆ ಕಾರ್ಕಳದ ನನ್ನ ಮಾವ, ಈ ಸಂಗತಿ ತಿಳಿದ ದಿನ ಮಗಳನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ, "ಮಗಾ, ನೀನು ಕೊಲ್ಲಿಸುವುದುಂಟಾ, ಅಲ್ಲ, ಸತ್ತದ್ದನ್ನು ನೋಡುವುದು ಮಾತ್ರವಾ?" ಎಂದು ಕೇಳಿದರು. ಪೇಟೆಗೆ ಬಂದದ್ದನ್ನು ಕೊಳ್ಳುವುದಷ್ಟೇ ಎಂದಳು ಪದ್ಮಾ. ಕೊಳ್ಳುವುದಕ್ಕೂ ಕೊಲ್ಲಿಸುವುದಕ್ಕೂ ಎಷ್ಟು ಅಂತರವೆಂದು ಅವರು ವಾದಕ್ಕಿಳಿಯಬಹುದಿತ್ತು. ಇಳಿಯಲಿಲ್ಲ. "ಹಾಗಾದರೆ ಆ ಜೀವ ಹೋದದ್ದು ವ್ಯರ್ಥ ಆಗದ ಹಾಗೆ ನೋಡು" ಎಂದು ಹೇಳಿ ಬಸದಿಗೆ ನಡೆದರು.

ಅಮ್ಮ ಮೀನು ಬಿಟ್ಟದ್ದರ ನಿಜವಾದ ಕಾರಣ ನನಗೆ ತಿಳಿದದ್ದು ಪದ್ಮಾಳಿಂದ. ಒಂದು ಭಾನುವಾರ ಹಿತ್ತಿಲಲ್ಲಿ ಇಬ್ಬರೇ ತೆಂಗಿನ ಮಡಲು ಸೀಳುತ್ತ ಕುಳಿತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳಂತೆ: "ಪದ್ಮಾ, ನೀನು ಕೊಬ್ಬಿನ ವಿಷಯ ಓದಿದವಳು. ನಾನು ಅವರಿಗೆ ದಿನಾ ಬೆಳಿಗ್ಗೆ ಸಾರಿನ ಮೇಲಿನ ಎಣ್ಣೆ ಎತ್ತಿ ಎತ್ತಿ ಹಾಕಿದೆ. ಪ್ರೀತಿಯಲ್ಲಿ ಹಾಕಿದೆ. ಅದೇ ಹೋಗಿ ಅವರ ಎದೆಯಲ್ಲಿ ಕಟ್ಟಿತಾ? ನನ್ನ ಕೈಯಿಂದಲೇ ಆಯಿತಾ?" ಪದ್ಮಾ ಕೂಡಲೇ ಇಲ್ಲ ಎನ್ನಬಹುದಿತ್ತು. ಅತ್ತೆಗೆ ಸಮಾಧಾನ ಹೇಳುವುದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಆದರೆ ಅಮ್ಮ ಮುಂದುವರಿದು, "ಸುಮ್ಮನೆ ಬಾಯಿಮಾತಿಗೆ ಹೇಳಬೇಡ. ನೋಡಿ ಹೇಳು" ಎಂದಳಂತೆ. ಇದನ್ನು ನನಗೆ ಹೇಳುವಾಗ ಪದ್ಮಾಳ ಕಣ್ಣು ತುಂಬಿತ್ತು. ಇಷ್ಟು ವರ್ಷ ನನ್ನ ತಾಯಿ ಗುಳ್ಳದ ಹುಳಿಯನ್ನಲ್ಲ, ಕೊಲೆಗಾತಿಯ ಶಿಕ್ಷೆಯನ್ನು ಉಣ್ಣುತ್ತಿದ್ದಳು.

ಹೀಗೆ, ಮನೆಮನೆಯಲ್ಲಿ ಬೇಯಿಸುವ ರೀತಿಯಲ್ಲೇ ಬೇಯಿಸಿದ ಮೀನಿನಲ್ಲಿ ಏನುಳಿಯುತ್ತದೆ, ಏನು ಸಾರಿಗಿಳಿಯುತ್ತದೆ ಎಂದು ನೋಡುವ ಕೆಲಸ ಶುರುವಾಯಿತು. ಮಳೆಗಾಲದ ಮೀನುಗಾರಿಕೆಯ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದಾಗ ಪದ್ಮಾ ಮಲ್ಪೆಯಿಂದ ಮೀನು ತರಿಸಿ, ಒಂದು ಪಾಲನ್ನು ಹಸಿಯಾಗಿಯೇ ಮಣಿಪಾಲಕ್ಕೆ ಕಳುಹಿಸಿ, ಇನ್ನೊಂದು ಪಾಲನ್ನು ಕಾಪುವಿಗೆ ಒಯ್ಯುತ್ತಿದ್ದಳು. ಅಮ್ಮ ಅಟ್ಟದಿಂದ ಬಿಸಲೆ ಇಳಿಸಿದಳು. ಸೊಸೆಯ ಕೆಲಸಕ್ಕೆಂದು ಇಳಿಸಿದಳೇ ಹೊರತು ತನಗೆಂದಲ್ಲ. ಮೀನನ್ನು ಕೊಯ್ದು, ಮಸಾಲೆ ಅರೆದು, ಸಾರು ಕುದಿಸಿ, ಉಪ್ಪನ್ನೂ ಹಬೆಯ ವಾಸನೆಯಲ್ಲೇ ಅಂದಾಜು ಮಾಡಿ, ಒಂದು ಹನಿಯನ್ನೂ ಅಂಗೈಗೆ ಬಿಟ್ಟು ನೆಕ್ಕದೆ ಅಷ್ಟನ್ನೂ ಡಬ್ಬಿಗೆ ತುಂಬಿಕೊಡುತ್ತಿದ್ದಳು. ಪಾತ್ರೆಯ ಬಗ್ಗೆ ಅವಳದೊಂದೇ ಕಟ್ಟಳೆ, ಅದಕ್ಕೆ ಸೋಪು ತಾಗಿಸಬಾರದು. ತೆಂಗಿನ ನಾರು, ಬೂದಿ, ಬಿಸಿನೀರು, ಅಷ್ಟೇ. ಸೋಪು ತಾಗಿದರೆ ಪಾತ್ರೆ ಸತ್ತಂತೆ ಎಂದು ನಮ್ಮ ಕಡೆಯ ಹೆಂಗಸರೆಲ್ಲರೂ ನಂಬಿದ್ದಾರೆ. ಗಾಜಿನ ಒಂದು ನಳಿಗೆಯನ್ನು ನಾಲ್ಕಾರು ದ್ರವಗಳಲ್ಲಿ ಜಾಲಾಡಿಸದೆ ಕೆಲಸಕ್ಕೆ ಕೂರದ ಪದ್ಮಾ ಈ ಕಟ್ಟಳೆಗೆ ಮಾತ್ರ ತಲೆಬಾಗಿದಳು. ಅತ್ತೆಯ ಪಾತ್ರೆಯನ್ನು ಸೊಸೆ ತಿಕ್ಕಿ ತೊಳೆದರೆ ಅದು ವಿಜ್ಞಾನವಾಗುವುದಿಲ್ಲ, ಜಗಳವಾಗುತ್ತದೆ ಎಂದು ಅವಳ ಎಣಿಕೆ.

ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಾಪುವಿನಿಂದ ಉಡುಪಿಗೆ, ಉಡುಪಿಯ ನೂಕುನುಗ್ಗಲಿನಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋಗುವ ಪ್ರಯಾಣವನ್ನು ಪದ್ಮಾ ಎಂದೂ ಮರೆಯಲಾರಳು. ಎಷ್ಟು ಬಿಗಿಯಾಗಿ ಮುಚ್ಚಿದರೂ ಬೂತಾಯಿ ತನ್ನ ಇರುವಿಕೆಯನ್ನು ಸಾರದೆ ಬಿಡುವುದಿಲ್ಲ. ಒಮ್ಮೆ ಕಂಡಕ್ಟರ್ ಟಿಕೇಟು ಹರಿಯುತ್ತ, "ಮೇಡಂ, ಅಮ್ಮನ ಮನೆಯ ಪದಾರ್ಥವಾ? ಪರಿಮಳ ಹಿಂದಿನ ಸೀಟಿನವರೆಗೆ ಬಂದುಂಟು" ಎಂದನಂತೆ. "ಅತ್ತೆ ಮನೆಯದ್ದು. ತಿನ್ನಲಿಕ್ಕಲ್ಲ, ಪರೀಕ್ಷೆ ಮಾಡಲಿಕ್ಕೆ" ಎಂದಳು ಇವಳು. ಅವನು ಚಿಲ್ಲರೆ ಎಣಿಸಿ ಕೊಟ್ಟು, "ಅತ್ತೆಯ ಮೇಲೆ ಅಷ್ಟು ಸಂಶಯ ಇಟ್ಟುಕೊಳ್ಳಬಾರದು ಮೇಡಂ" ಎಂದು ಬುದ್ಧಿ ಹೇಳಿ ಮುಂದೆ ಹೋದ.

ಒಂದು ದಿನ ನಾನು ಅವಳ ಪ್ರಯೋಗಾಲಯಕ್ಕೆ ಹೋಗಿ ಕುಳಿತೆ. ಅರೆದ ಮೀನಿನ ಮಾಂಸಕ್ಕೆ ಏನೇನೋ ದ್ರವ ಬೆರೆಸಿ ಅಲುಗಿಸಿ ಬಿಟ್ಟರೆ ನೀರೆಲ್ಲ ಮೇಲೆ ನಿಂತು, ಕೊಬ್ಬನ್ನು ಹೊತ್ತ ದ್ರವ ಕೆಳಗಿಳಿಯುತ್ತದೆ. ಅದನ್ನು ಇಳಿಸಿಕೊಂಡು ಆರಿಸಿದರೆ ಗಾಜಿನ ತಳದಲ್ಲಿ ಜೇನಿನ ಬಣ್ಣದ ಒಂದಿಷ್ಟು ಎಣ್ಣೆ ಉಳಿಯುತ್ತದೆ. ಆ ಎಣ್ಣೆಯನ್ನು ಇನ್ನಷ್ಟು ಹದಗೊಳಿಸಿ ಯಂತ್ರವೊಂದರ ಉದ್ದನೆಯ ಸಪೂರ ಕೊಳವೆಯೊಳಗೆ ಬಿಟ್ಟರೆ ಅದರಲ್ಲಿರುವ ಬಗೆಬಗೆಯ ಕೊಬ್ಬುಗಳು ಒಂದಾದ ಮೇಲೊಂದರಂತೆ ಹೊರಗೆ ಬರುತ್ತವೆ, ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಶಿಖರ ಏಳುತ್ತದೆ. ಪಡುಬಿದ್ರಿಯವರು ಪಡುಬಿದ್ರಿಯಲ್ಲಿ, ಕಾಪುವಿನವರು ಕಾಪುವಿನಲ್ಲಿ, ಕಟಪಾಡಿಯವರು ಕಟಪಾಡಿಯಲ್ಲಿ ತಪ್ಪದೆ ಇಳಿಯುವ ಹಾಗೆ ಪ್ರತಿಯೊಂದೂ ತನ್ನ ತನ್ನ ನಿಲ್ದಾಣದಲ್ಲೇ ಇಳಿಯುತ್ತದೆ. ಕೊಬ್ಬು ಎಂದರೆ ಒಂದೇ ಒಂದು ಅಂಟು ಎಂದುಕೊಂಡಿದ್ದ ನಾನು, ಆ ಒಂದು ಹನಿಯಿಂದ ಬೆಟ್ಟಗಳ ಸಾಲೇ ಎದ್ದು ನಿಂತದ್ದನ್ನು ಕಂಡು ಬಾಯಿಗೆ ಬೆರಳಿಟ್ಟುಕೊಂಡು ಕುಳಿತೆ.

ಗೆಳೆಯರೇ, ನನ್ನ ಬೆರಗು ಅಲ್ಲಿಗೇ ನಿಲ್ಲಲಿಲ್ಲ. ತುಪ್ಪ ಗಟ್ಟಿಯಾಗುತ್ತದೆ, ಮಾಗಿಯ ಬೆಳಿಗ್ಗೆ ಮಣಿಪಾಲದಲ್ಲಿ ತೆಂಗಿನೆಣ್ಣೆಯೂ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ ಬೋಳುತಲೆಯ ನನ್ನನ್ನೂ ಅದು ಕರಗುವವರೆಗೆ ಕಾಯುವಂತೆ ಮಾಡುತ್ತದೆ. ಆದರೆ ಬೂತಾಯಿಯ ಎಣ್ಣೆ ಫ್ರಿಜ್ಜಿನಲ್ಲಿಟ್ಟರೂ ಬಹುಪಾಲು ಹರಿಯುತ್ತಲೇ ಇರುತ್ತದೆ. ಯಾಕೆಂದರೆ, ಪದ್ಮಾ ಹೇಳಿದಳು, ಹಸುವಿನ ಮೈ ಬಿಸಿ, ಮೀನಿನ ಮೈ ತಾನಿರುವ ನೀರಿನಷ್ಟೇ ತಣ್ಣಗೆ. ನೀರು ತಂಪೇರಿದಾಗ ತನ್ನೊಳಗಿನ ಕೊಬ್ಬೇ ಹೆಪ್ಪುಗಟ್ಟಿದರೆ ಮೀನು ಬಾಲ ಬೀಸುವುದು ಹೇಗೆ? ಅದಕ್ಕೆ ಅದರ ಕೊಬ್ಬಿನ ಸರಪಳಿಗಳಲ್ಲಿ ಅಲ್ಲಲ್ಲಿ ಮೊಣಕಾಲಿನಂಥ ಮಡಿಕೆಗಳಿವೆ, ನೆಟ್ಟಗಿರುವ ಕೋಲುಗಳ ಹಾಗೆ ಒತ್ತೊತ್ತಾಗಿ ಪೇರಿಸಿಕೊಳ್ಳಲು ಅವಕ್ಕೆ ಆಗುವುದೇ ಇಲ್ಲ. ಆ ಮಡಿಕೆಗಳನ್ನು ಮೊದಲು ಮಾಡಿದ್ದೂ ಮೀನಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಪಾಚಿ ಬಿಸಿಲು ಕುಡಿದು ಮಾಡಿದ್ದನ್ನು ಮೀನು ತಿಂದಿತು, ಮೀನನ್ನು ಅಪ್ಪ ಹಿಡಿದ, ಅಮ್ಮ ಕುದಿಸಿದಳು, ನಾವು ಉಂಡೆವು. ಅಂದರೆ ಆ ಗಂಜಿಯ ಬಟ್ಟಲಿನಲ್ಲಿ ಹರಡಿ ನಿಲ್ಲುತ್ತಿದ್ದ ಹೊಳಪು ಅರಬ್ಬೀ ಸಮುದ್ರದ ಮೇಲೆ ಬಿದ್ದ ಬಿಸಿಲೇ ಆಗಿತ್ತು. ಇದನ್ನು ಕೇಳಿದ ದಿನ ನಾನು ಬಸ್ಸಿನಲ್ಲಿ ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋದೆ.

ಕೊಲೆಸ್ಟ್ರಾಲ್ ಎಂಬ ಖಳನಾಯಕನ ಕಥೆಯೂ ನಾನು ಕೇಳಿಕೊಂಡಿದ್ದ ಹಾಗಿರಲಿಲ್ಲ. ಎಣ್ಣೆಯ ಪೊಟ್ಟಣಗಳ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಗಿಡಮರಗಳಲ್ಲಿ ಅದು ಮೊದಲೇ ಇಲ್ಲವೆಂಬಷ್ಟು ಕಡಿಮೆ. ನಾನು ಬಾಚಣಿಗೆಗೆ ದುಡ್ಡು ಖರ್ಚು ಮಾಡುವುದಿಲ್ಲವೆಂದು ಜಂಭ ಕೊಚ್ಚಿದರೆ ಹೇಗೋ ಹಾಗೆ ಅದು. ಪ್ರಾಣಿಗಳಾದ ನಮಗೋ, ಮೈಯ ಒಂದೊಂದು ಜೀವಕೋಶದ ಪೊರೆಯಲ್ಲೂ ಅದು ಬೇಕು. ಪೊರೆ ಅತಿಯಾಗಿ ಸಡಿಲವಾಗದಂತೆ, ಅತಿಯಾಗಿ ಬಿಗಿಯಾಗದಂತೆ ಕಾಯುವುದು ಅದೇ. ತಿನ್ನದಿದ್ದರೂ ನಮ್ಮ ಪಿತ್ತಕೋಶದ ಪಕ್ಕದಲ್ಲಿರುವ ಯಕೃತ್ತು ಕೂತು ತಾನೇ ತಯಾರಿಸುತ್ತದೆ. ಈರುಳ್ಳಿಯನ್ನೂ ಮುಟ್ಟದ ನನ್ನ ಮಾವನ ಮೈಯಲ್ಲಿಯೂ, ಉಪವಾಸ ಮಾಡುವ ಮುನಿಗಳ ಮೈಯಲ್ಲಿಯೂ ಅದು ಹುಟ್ಟುತ್ತಲೇ ಇರುತ್ತದೆ. ಹೆಚ್ಚಾದರೆ, ಹೋಗಬಾರದ ಕಡೆ ಹೋಗಿ ನಿಂತರೆ ಕೇಡು, ಅದು ನಿಜ. ಆದರೆ ಅದಿಲ್ಲದೆ ಯೋಚನೆಯಿಲ್ಲ, ನೆನಪಿಲ್ಲ, ನಾನೂ ಇಲ್ಲ. ಮೆದುಳಿನಲ್ಲಿ ನೀರು ಬಿಟ್ಟರೆ ಹೆಚ್ಚಿನದು ಕೊಬ್ಬೇ ಎಂದು ಪದ್ಮಾ ಹೇಳಿದಾಗ ನನಗೆ ಅಪ್ಪನ ಮುಖ ನೆನಪಾಯಿತು. ನೆನಪಾದದ್ದು ಅವನೇ ಹಿಡಿದು ತಂದು ನನಗೆ ಉಣಿಸಿದ್ದರ ಬಲದಿಂದ ಎಂದುಕೊಂಡೆ.

ಇಷ್ಟರಲ್ಲಿ ಎಡವಟ್ಟೊಂದು ತಲೆದೋರಿತು. ಹೋಲಿಸಿ ನೋಡುವುದಕ್ಕೆಂದು ಪದ್ಮಾ ಕಾರ್ಕಳದ ಕಡೆಯ ನಾಟಿ ಕೋಳಿಯ ಮೊಟ್ಟೆಗಳನ್ನು ತಂದು ಅಮ್ಮನಿಂದ ಮೊಟ್ಟೆಯ ಸಾರು ಮಾಡಿಸಿದ್ದಳು. ಆ ಸಾರನ್ನು ಯಂತ್ರಕ್ಕೆ ಬಿಟ್ಟಾಗ, ಮೊಟ್ಟೆಯ ಶಿಖರಗಳ ನಡುವೆ ಮೀನಿನ ಶಿಖರಗಳೂ ತಲೆಯೆತ್ತಿದವು. ಕಾರ್ಕಳದ ಕೋಳಿ ಕಡಲಿನಲ್ಲಿ ಈಜಿ ಬಂದಿತೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಮೊದಲು ಕೋಳಿಗೆ ಮೀನಿನ ಹಿಂಡಿ ಹಾಕಿದ್ದಾರೇನೋ ಎಂದು ಅನುಮಾನಪಟ್ಟಳು, ಆದರೆ ಹಸಿ ಮೊಟ್ಟೆಯಲ್ಲಿ ಅವುಗಳ ಸುಳಿವೇ ಇರಲಿಲ್ಲ. ಆಮೇಲೆ ತನ್ನ ಗಾಜುಗಳನ್ನು, ದ್ರವಗಳನ್ನು, ತನ್ನ ಕೈಯನ್ನೇ ಅನುಮಾನಿಸಿದಳು. ಹಿಂದೆ ಮಾಡಿದ್ದನ್ನೆಲ್ಲ ತೆಗೆದು ನೋಡಿದರೆ ಬೇಯಿಸಿದ ಮೀನುಗಳ ಲೆಕ್ಕದಲ್ಲಿಯೂ ಹಸಿ ಮೀನಿನಿಂದ ಬರಲಾರದಷ್ಟು ಮೀನಿನ ಕೊಬ್ಬು ಇತ್ತು. ಬೇಯಿಸುವಾಗ ಎಲ್ಲಿಂದಲೋ ಬಂದು ಸೇರುತ್ತಿದೆ. ಒಲೆ, ನೀರು, ಉಪ್ಪು, ಹುಳಿ, ಮಸಾಲೆ ಎಂದು ಒಂದೊಂದನ್ನೇ ಕಳೆಯುತ್ತ ಹೋಗಿ ಕಡೆಗೆ ಉಳಿದದ್ದು ಬಿಸಲೆ.

ಅವಳು ಬಿಸಲೆಯನ್ನು ಮಣಿಪಾಲಕ್ಕೆ ಒಯ್ದಳು. ನಾರು ಬೂದಿ ಹಾಕಿ ಅಮ್ಮನ ಕ್ರಮದಲ್ಲೇ ತೊಳೆದು, ಅದರಲ್ಲಿ ಬರಿಯ ನೀರು, ಉಪ್ಪು, ಹುಣಸೆಹುಳಿ ಹಾಕಿ ಸಾರು ಕುದಿಸುವಷ್ಟು ಹೊತ್ತು ಕುದಿಸಿದಳು. ಮೀನಿಲ್ಲ, ತೆಂಗಿನಕಾಯಿಯಿಲ್ಲ, ಏನೂ ಇಲ್ಲ. ಆ ಹುಳಿನೀರನ್ನು ಯಂತ್ರಕ್ಕೆ ಬಿಟ್ಟಳು. ಪರದೆಯ ಮೇಲೆ ಕಡಲು ಬಂದು ನಿಂತಿತು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಜಗಲಿಯಲ್ಲಿ ಕುಳಿತಳು. "ಬೇಯಿಸಿದ್ದರ ಲೆಕ್ಕ ಎಲ್ಲ ಹೋಯಿತು. ಈ ಸಲದ್ದು ಒಂದನ್ನೂ ಬಳಸುವ ಹಾಗಿಲ್ಲ. ಗಾಜಿನಲ್ಲಿ ಕಸ ಉಂಟಾ ಎಂದು ಎಲ್ಲ ಪರೀಕ್ಷೆ ಮಾಡಿದೆ, ಪಾತ್ರೆಯನ್ನು ಮಾತ್ರ ನೋಡಲಿಲ್ಲ. ಅದು ಮಾಮಿಯದ್ದಲ್ವಾ" ಎಂದಳು. ನಾನು ನೀರಿನ ಲೋಟ ತಂದಿಟ್ಟಾಗ ಅವಳೇ, "ಆದರೆ ನಿಮಗೆ ಗೊತ್ತುಂಟಾ, ಅದರಲ್ಲಿ ಈ ವರ್ಷದ್ದು ಸ್ವಲ್ಪ, ಉಳಿದದ್ದೆಲ್ಲ ಹಳತು. ಸವೆದದ್ದು, ವರ್ಷಗಟ್ಟಲೆ ಬೆಂಕಿ ಕಂಡದ್ದು. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಹೋಗಿ ಕೂತುಬಿಟ್ಟುಂಟು" ಎಂದಳು. ಕೆಲಸ ಕೆಟ್ಟವಳ ಮುಖವಾಗಿರಲಿಲ್ಲ ಅದು. ಗರ್ಭಗುಡಿಯ ಮುಂದೆ ನಿಂತು ಬಂದವಳ ಮುಖವಾಗಿತ್ತು.

ಮುಂದಿನ ಭಾನುವಾರ ನಾವಿಬ್ಬರೂ ಬಿಸಲೆಯೊಂದಿಗೆ ಕಾಪುವಿಗೆ ಹೋದೆವು. ಪದ್ಮಾ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೂರು ಪುಟ್ಟ ಶೀಷೆಗಳನ್ನೂ ತಂದಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ ಅಮ್ಮನನ್ನು ಕೂರಿಸಿ ಒಂದೊಂದಾಗಿ ಕೈಗಿಟ್ಟಳು. ತುಪ್ಪದ ಶೀಷೆಯನ್ನು ಅಮ್ಮ ಓರೆ ಮಾಡಿದಳು, ಅದು ಅಲುಗಲಿಲ್ಲ. ತೆಂಗಿನೆಣ್ಣೆಯದೂ ಅಲುಗಲಿಲ್ಲ. ಮೂರನೆಯದನ್ನು ಓರೆ ಮಾಡಿದಾಗ ಒಳಗಿದ್ದದ್ದು ನಿಧಾನವಾಗಿ ಹರಿದು ಬದಿಗೆ ಬಂತು.

"ಇದು ಬೂತಾಯಿಯದ್ದು ಮಾಮಿ. ಮೈಯ ಒಳಗೆ ಎಲ್ಲವೂ ಬಿಸಿಯೇ, ಅಲ್ಲಿ ಲೆಕ್ಕ ಇಷ್ಟು ಸುಲಭ ಇಲ್ಲ. ಅದಕ್ಕೆ ಇದನ್ನು ಸಾಕ್ಷಿ ಅಂತ ತೋರಿಸುವುದಲ್ಲ, ಎಂತದ್ದು ಅಂತ ಗೊತ್ತಾಗಲಿ ಅಂತ. ಹಸಿ ಮೀನಿನ ಲೆಕ್ಕ ಸರಿಯಾಗಿ ಉಂಟು, ಅದನ್ನು ನೋಡಿಯೇ ಹೇಳ್ತಾ ಇದ್ದೇನೆ. ನೀವು ಅವರಿಗೆ ಹಾಕಿದ್ದು ವಿಷ ಅಲ್ಲ."

ಅಮ್ಮ ಶೀಷೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಓರೆ ಮಾಡುತ್ತಲೇ ಇದ್ದಳು. "ಮತ್ತೆ ಅವರು ಯಾಕೆ ಹೋದರು?"

"ಅದನ್ನು ಯಾವ ಯಂತ್ರವೂ ಹೇಳುವುದಿಲ್ಲ ಮಾಮಿ. ಬೀಡಿ ಉಂಟು, ಸಕ್ಕರೆ ಉಂಟು, ಪ್ರಾಯ ಉಂಟು. ಇಂಥದ್ದರಿಂದಲೇ ಎಂದು ಒಂದನ್ನು ಹಿಡಿದು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಆ ಒಂದು ಸೌಟಿನಿಂದ ಎಂದು ನೀವು ಹೇಳಿದರೆ ಅದೂ ಸುಳ್ಳು."

ಅಮ್ಮ ಶೀಷೆಯನ್ನು ಮತ್ತೊಮ್ಮೆ ಓರೆ ಮಾಡಿದಳು. ಸಮಾಧಾನವಾಯಿತೋ ಇಲ್ಲವೋ ಅವಳ ಮುಖದಲ್ಲಿ ತಿಳಿಯಲಿಲ್ಲ. ವಿಜ್ಞಾನದ ಮಾತು ಸತ್ಯವಾಗಿರುವುದೇ ಬೇರೆ, ಎದೆಗಿಳಿಯುವುದೇ ಬೇರೆ ಎಂದು ನನಗೆ ಕಳವಳವಾಯಿತು. ಆಗ ಪದ್ಮಾ ಸ್ವಲ್ಪ ಹಿಂಜರಿಯುತ್ತ ಪಾತ್ರೆಯ ವಿಷಯ ತೆಗೆದು, ಬೇಯಿಸಿದ್ದರ ಲೆಕ್ಕವೆಲ್ಲ ಕೆಟ್ಟದ್ದನ್ನು ಹೇಳಿದಳು. ಅಮ್ಮ ಗಾಬರಿಯಾದಳು.

"ನನ್ನ ಬಿಸಲೆಯಿಂದ ನಿನ್ನ ಕೆಲಸ ಹಾಳಾಯಿತಾ?"

"ಹಾಳಾದದ್ದು ನನ್ನಿಂದ. ನಾನು ಮೊದಲೇ ನೋಡಬೇಕಿತ್ತು. ಬರೀ ಹುಳಿನೀರು ಕುದಿಸಿದರೂ ಅದರಿಂದ ಮೀನಿನ ಕೊಬ್ಬು ಇಳಿಯುತ್ತದೆ ಮಾಮಿ. ಹಳೇ ಕಾಲದ್ದು. ಕಡಲಿನ ಮೀನಿನದ್ದು ಎಂದು ನಾನು ಹೇಳಬಹುದು. ಯಾವ ವರ್ಷದ್ದು, ಯಾರು ಹಿಡಿದದ್ದು ಎಂದು ಹೇಳಲಿಕ್ಕೆ ಬರುವುದಿಲ್ಲ."

ಅಮ್ಮನ ಕೈಯಲ್ಲಿದ್ದ ಶೀಷೆ ನಿಂತಿತು. ಅದನ್ನು ನೆಲದ ಮೇಲಿಟ್ಟು, ಬಿಸಲೆಯನ್ನು ಮಡಿಲಿಗೆಳೆದುಕೊಂಡು, ಅದರ ಒಳಮೈಯನ್ನು ಅಂಗೈಯಿಂದ ಸವರಿದಳು.

"ಯಾರು ಹಿಡಿದದ್ದು ಎಂದು ಕೇಳಬೇಕಾ? ಇದನ್ನು ತಂದ ದಿನದಿಂದ ಇದಕ್ಕೆ ಅವರ ಮೀನು ಬಿಟ್ಟರೆ ಬೇರೆಯವರ ಮೀನು ಬೀಳಲಿಲ್ಲ. ಅವರು ಹೋದ ಮೇಲೆ ಅಟ್ಟಕ್ಕೆ ಹಾಕಿದೆ. ಈ ಸಲ ನೀನು ತಂದದ್ದು ಒಂದೇ." ತನಗೆ ತಾನೇ ಎಂಬಂತೆ, "ಹಾಗಾದರೆ ಅವರದ್ದು ಇನ್ನೂ ಇದರಲ್ಲಿ ಉಂಟು" ಎಂದಳು.

ನಾವು ಆ ದಿನ ಅಲ್ಲಿಯೇ ಉಳಿದೆವು. ಮಧ್ಯಾಹ್ನ ಅಮ್ಮ ತಾನೇ ಮೀನಿನ ಮಾರುಕಟ್ಟೆಗೆ ಹೋಗಿ ಬೂತಾಯಿ ತಂದಳು. ಮಾರುವವರ ಹತ್ತಿರ ಹಳೆಯ ಗತ್ತಿನಲ್ಲೇ ಚೌಕಾಸಿ ಮಾಡಿದಳೆಂದು ತಮ್ಮನ ಹೆಂಡತಿ ಬಂದು ಹೇಳಿದಳು. ಸಂಜೆ ಸಾರು ಕುದಿಯಿತು. ಯಾರಿಗೂ ಬಡಿಸಲಿಲ್ಲ, ಬೂದಿಯ ಮೇಲೆ ಮುಚ್ಚಿಟ್ಟಳು. ಪದ್ಮಾ ಪೇಟೆಯಿಂದ ಹೊಸ ಬಿಸಲೆಯೊಂದನ್ನು ಕೊಂಡು ತಂದಿದ್ದಳು, ಇನ್ನು ಮೇಲೆ ಪ್ರಯೋಗಕ್ಕೆ ಅದು. ಹಳೆಯದನ್ನು ತಾನು ಇನ್ನು ಕೇಳುವುದಿಲ್ಲ ಎಂದಾಗ ಅಮ್ಮ ಹೊಸತರ ಬೆನ್ನು ತಟ್ಟಿ ನೋಡಿ, "ಇದರಲ್ಲಿ ಎಂತದೂ ಇಲ್ಲ, ನಿನಗೆ ಅದೇ ಬೇಕಲ್ವಾ" ಎಂದಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಜಿಯ ಬಟ್ಟಲುಗಳನ್ನು ಹರಡಿಕೊಂಡು ಕುಳಿತೆವು. ಪದ್ಮಾಳಿಗೆ ಉಪ್ಪಿನಕಾಯಿ, ಮೊಸರು. ಅಮ್ಮ ಬಿಸಲೆಯ ಮುಚ್ಚಳ ತೆಗೆದಳು. ಸಾರಿನ ಮೇಲೆ ಅದೇ ಪದರ ಬಂದು ನಿಂತಿತ್ತು. ನೋಡುತ್ತಿದ್ದ ಹಾಗೆ ನನ್ನ ಬಾಯಲ್ಲಿ ನೀರೂರಿದ್ದು ನಿಜ. ಹಿರಿಯ ಮಗ, ಶಾಲೆಗೆ ಹೋಗಿ ಅಲ್ಲೇ ಉಳಿದವನು, ಈ ವಯಸ್ಸಿನಲ್ಲಾದರೂ ನನ್ನ ಸರದಿ ಬಂದೀತೆಂಬ ಹಳೆಯ ಆಸೆ. ನಿನ್ನೆ ಹಿಡಿದ ಮೀನಿನದು ಎಷ್ಟು, ತೆಂಗಿನಕಾಯಿಯದು ಎಷ್ಟು, ಮಣ್ಣಿನಿಂದ ಎದ್ದು ಬಂದ ಅಪ್ಪನ ಕಾಲದ ಕಡಲಿನದು ಎಷ್ಟು ಎಂದು ಆ ಹೊಳಪಿನಲ್ಲಿ ಬೇರ್ಪಡಿಸಿ ಹೇಳಬಲ್ಲವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು, ಅವಳೂ ಸೌಟನ್ನೇ ನೋಡುತ್ತಿದ್ದಳು. ಅಮ್ಮ ಗೆರಟೆಯ ಸೌಟನ್ನು ಓರೆಯಾಗಿ ಹಿಡಿದು, ಕೆಳಗಿನದನ್ನು ಕಲಕದೆ, ಮೇಲಿನದನ್ನಷ್ಟೇ ಎತ್ತಿಕೊಂಡಳು. ನನ್ನ ಬಟ್ಟಲನ್ನು ದಾಟಿ, ತಮ್ಮನ ಬಟ್ಟಲನ್ನು ದಾಟಿ, ತನ್ನ ಬಟ್ಟಲಿನ ನಡುವೆ ಬಿಟ್ಟಳು.

"ಅವರದ್ದು," ಎಂದಳು, ಯಾರ ಮುಖವನ್ನೂ ನೋಡದೆ. "ವ್ಯರ್ಥ ಆಗಬಾರದಲ್ವಾ."

ಬಿಳಿಯ ಗಂಜಿಯ ಮೇಲೆ ಅದು ಒಂದು ಸುತ್ತು ಹರಡಿ ನಿಂತಿತು. ಅಮ್ಮ ಅದನ್ನು ಕಲಸಿಕೊಂಡು ಉಂಡಳು.